ಬಾಳೆ ಲ್ಯಾಬಿನ ಯುವಿ ಲೈಟ್ ಬಗ್ಗೆ

ಗಿಡದ ಚಿಕ್ಕ ತುಂಡಿನಿಂದ ಬಾಟಲಿಯಲ್ಲಿ ಸಸಿ ಮಾಡುವ ನಮ್ಮ ಟಿಶ್ಯೂ ಕಲ್ಚರ್ ಲ್ಯಾಬ್ ನೋಡಲು ಬರುವ ರೈತರ ಕಣ್ಣು ಮೊದಲು ಹೋಗುವುದು ಇನಾಕ್ಯುಲೇಶನ್ ರೂಮಿನ (ತುಂಡುಗಳನ್ನು ಕತ್ತರಿಸಿ ಬಾಟಲಿಗೆ ಹಾಕುವ ರೂಮು) ನೀಲಿ ಲೈಟಿನ ಮೇಲೆ. "ಈ ಬೆಳಕಲ್ಲೇ ಬಾಳೆ ಸಸಿ ಬೆಳೆಸ್ತೀರಾ ಮೇಡಂ?" ಅಂತ ಕೇಳುತ್ತಾರೆ. ಇಲ್ಲ. ಸಸಿ ಬೆಳೆಯುವುದು ಪಕ್ಕದ ರೂಮಿನಲ್ಲಿ, ಬಿಳಿ ಟ್ಯೂಬ್‌ಲೈಟ್ ಕೆಳಗೆ, ದಿನಕ್ಕೆ 16 ಗಂಟೆ. ನೀಲಿ ಲೈಟ್ ಅಂದರೆ ಯುವಿ (ನೇರಳಾತೀತ) ಟ್ಯೂಬ್, ಅದು ಇರುವುದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆ. ಅದು ಉರಿಯುವಾಗ ಅಲ್ಲಿ ಸಸಿಯೂ ಇರಬಾರದು, ಮನುಷ್ಯರೂ ಇರಬಾರದು.

ಆ ಟ್ಯೂಬಿನಿಂದ ಹೊರಡುವ ಮುಖ್ಯ ಕಿರಣದ ಅಲೆಯುದ್ದ 254 ನ್ಯಾನೋಮೀಟರ್. ಕಣ್ಣಿಗೆ ಕಾಣುವ ನೀಲಿ ಅದಲ್ಲ, ಕೆಲಸ ಮಾಡುವ ಕಿರಣ ಕಾಣುವುದೇ ಇಲ್ಲ. ಬ್ಯಾಕ್ಟೀರಿಯಾ, ಬೂಷ್ಟು, ಎಲ್ಲದರ ಡಿಎನ್‌ಎ ಇದನ್ನು ಹೀರಿಕೊಂಡು ಕೆಡುತ್ತದೆ, ಆಮೇಲೆ ಅವು ಮರಿ ಹಾಕಲಾರವು. ಸೂರ್ಯನ ಬೆಳಕಿನಲ್ಲೂ ಈ ಕಿರಣ ಇದೆ, ಆದರೆ ಓಜೋನ್ ಪದರ ಅದನ್ನು ಮೇಲೆಯೇ ತಡೆಯುತ್ತದೆ.

ಇಷ್ಟು ಕೇಳಿದವರಿಗೆ ಯುವಿ ಹಾಕಿದರೆ ಎಲ್ಲ ಸ್ವಚ್ಛ ಅನಿಸುತ್ತದೆ. ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗಿಯರಲ್ಲೂ ಇದೇ ನಂಬಿಕೆ. ಅವರಿಗೆ ನಾನು ಒಂದು ಪ್ರಯೋಗ ಮಾಡಿ ತೋರಿಸುತ್ತೇನೆ. ಎರಡು ಗಾಜಿನ ಪೆಟ್ರಿ ತಟ್ಟೆಗಳಲ್ಲಿ ಅಗಾರ್ (ಜೆಲ್ಲಿಯಂಥ ಆಹಾರ) ಮೇಲೆ ಬ್ಯಾಕ್ಟೀರಿಯಾ ಸವರಿ ಲ್ಯಾಮಿನಾರ್ (ಶುದ್ಧ ಗಾಳಿ ಬೀಸುವ ಕೆಲಸದ ಪೆಟ್ಟಿಗೆ) ಒಳಗೆ ಇಡುವುದು. ಒಂದರ ಮುಚ್ಚಳ ತೆಗೆದಿರಬೇಕು, ಇನ್ನೊಂದಕ್ಕೆ ಗಾಜಿನ ಮುಚ್ಚಳ ಹಾಗೇ ಇರಬೇಕು. ಯುವಿ ಹಾಕಿ, ಅರ್ಧ ಗಂಟೆ ಬಿಟ್ಟು ತೆಗೆದು, ಎರಡನ್ನೂ ಬೆಚ್ಚಗೆ ಇಡುತ್ತೇವೆ. ಮಾರನೇ ದಿನ ತೆರೆದಿಟ್ಟ ತಟ್ಟೆ ಹೆಚ್ಚುಕಮ್ಮಿ ಖಾಲಿ. ಮುಚ್ಚಿದ್ದರಲ್ಲಿ ಬ್ಯಾಕ್ಟೀರಿಯಾ ತುಂಬಿ ಬೆಳೆದಿರುತ್ತದೆ. ಗಾಜು ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಈ ಕಿರಣವನ್ನು ದಾಟಲು ಬಿಡುವುದಿಲ್ಲ.

ಅಂದರೆ ಮೀಡಿಯಾ (ಸಸಿಯ ಆಹಾರ) ತುಂಬಿದ ಬಾಟಲಿಗಳನ್ನು ಸಾಲಾಗಿ ಜೋಡಿಸಿ ಯುವಿ ಹಾಕಿದರೆ ಬಾಟಲಿ ಒಳಗೆ ಏನೂ ಆಗುವುದಿಲ್ಲ. ಒಳಗಿನದನ್ನು ಆಟೋಕ್ಲೇವ್ (ಕುಕ್ಕರಿನಂತೆ ಒತ್ತಡದ ಹಬೆಯಲ್ಲಿ ಕಾಯಿಸುವ ಯಂತ್ರ) 121 ಡಿಗ್ರಿಯಲ್ಲಿ ಆಗಲೇ ಮುಗಿಸಿದೆ. ಬಾಟಲಿಯ ನೆರಳು ಬಿದ್ದ ಜಾಗ ಮಾತ್ರ ಗಲೀಜಾಗೇ ಉಳಿಯುತ್ತದೆ. ಧೂಳಿನ ಅಡಿಯಲ್ಲಿ ಕೂತ ಸೂಕ್ಷ್ಮಜೀವಿಗೂ ಇದೇ ರಕ್ಷಣೆ. ಅದಕ್ಕೇ ಮೊದಲು 70% ಆಲ್ಕೋಹಾಲಿನಿಂದ ಒರೆಸಬೇಕು, ಆಮೇಲೆ ಖಾಲಿ ಲ್ಯಾಮಿನಾರಿಗೆ ಯುವಿ. ಕೆಲಸ ಶುರುವಾದ ಮೇಲೆ ನಮ್ಮನ್ನು ಕಾಯುವುದು ಹೆಪಾ ಫಿಲ್ಟರ್ (ಸೂಕ್ಷ್ಮಜೀವಿಗಳನ್ನೂ ತಡೆಯುವ ಸೋಸುಕ) ದಾಟಿ ಬರುವ ಗಾಳಿ, ಮತ್ತು ಪ್ರತಿ ಸಲ ಬ್ಲೇಡ್, ಫೋರ್ಸೆಪ್ಸ್ ಸುಡುವ ಅಭ್ಯಾಸ.

ಬಾಳೆಯಲ್ಲಿ ನಿಜವಾದ ತಲೆನೋವು ಬೇರೆಯೇ ಇದೆ. ತೋಟದಿಂದ ಕಂದು (ತಾಯಿ ಗಿಡದ ಬುಡದಲ್ಲಿ ಏಳುವ ಮರಿ) ತರುತ್ತೇವೆ. ಮಣ್ಣು ತೊಳೆದು, ಸುಲಿದು ಸುಲಿದು ನಡುವಿನ ಬಿಳಿ ಸುಳಿ ಮಾತ್ರ ಉಳಿಸಿ, ಬ್ಲೀಚಿನಲ್ಲಿ ಅದ್ದುತ್ತೇವೆ. ಹೊರಗಿನದೆಲ್ಲ ಹೋಗುತ್ತದೆ. ಅಂಗಾಂಶದ ಒಳಗೇ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಹೋಗುವುದಿಲ್ಲ. ಅದು ಮೊದಲು ಸುಮ್ನೆ ಇರುತ್ತದೆ. ಕೆಲವು ಸಬ್‌ಕಲ್ಚರ್ (ಚಿಗುರನ್ನು ಹೊಸ ಬಾಟಲಿಗೆ ಬದಲಿಸುವುದು) ಆದಮೇಲೆ ಒಂದು ಬೆಳಗ್ಗೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ, ಚಿಗುರಿನ ಬುಡದ ಸುತ್ತ ಅಗಾರ್ ಒಳಗೆ ತೆಳುವಾದ ಮಜ್ಜಿಗೆಯಂಥ ಮಬ್ಬು. ಮೇಲೆ ಎಲೆಗಳು ಹಸಿರಾಗಿ ಚೆನ್ನಾಗೇ ಇರುತ್ತವೆ. ಯಾವ ಯುವಿಯೂ ಅಲ್ಲಿಗೆ ತಲುಪುವುದಿಲ್ಲ. ತಲುಪಿದರೆ ಬಾಳೆಯ ಜೀವಕೋಶಕ್ಕೂ ಪೆಟ್ಟು ಬೀಳುತ್ತದೆ. ಜಿ-9 (ಗ್ರ್ಯಾಂಡ್ ನೈನ್) ತಳಿಯಾದರೆ ಬೇರೆ ಬಾಟಲಿಗಳಿರುತ್ತವೆ. ನಂಜನಗೂಡು ರಸಬಾಳೆಯಲ್ಲಿ ಹೀಗಾದರೆ ಹೊಟ್ಟೆ ಉರಿಯುತ್ತದೆ. ಪನಾಮಾ ಸೊರಗು ರೋಗದಿಂದ ಆ ತಳಿಯ ತೋಟಗಳೇ ಕಮ್ಮಿಯಾಗಿವೆ, ಒಳ್ಳೆಯ ಕಂದು ಹುಡುಕುವುದೇ ಕಷ್ಟ ಅಲ್ವಾ?

ಇನ್ನು ಟ್ಯೂಬಿನ ವಿಷಯ. ನೀಲಿಯಾಗಿ ಉರಿಯುತ್ತಿದೆ ಅಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಇಂಥ ಟ್ಯೂಬುಗಳ ಆಯಸ್ಸು ಸಾಮಾನ್ಯವಾಗಿ 8000-9000 ಗಂಟೆ. ಅದು ಮುಗಿದರೂ ನೀಲಿ ಬಣ್ಣ ಇರುತ್ತದೆ, ಕೊಲ್ಲುವಷ್ಟು ಶಕ್ತಿ ಇರುವುದಿಲ್ಲ. ಉರಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡಿ.

ಹಳೆಯ ಟ್ಯೂಬ್ ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಸೋತರೂ ಕಣ್ಣಿಗೆ ಸುರಕ್ಷಿತ ಅಂದುಕೊಳ್ಳಬೇಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಲೈಟ್ ಆರಿಸದೆ ಹುಡುಗಿಯೊಬ್ಬಳನ್ನು ಟ್ರೇ ಜೋಡಿಸಲು ಕೂರಿಸಿದ್ದರು. ಆಗ ಅವಳಿಗೆ ಏನೂ ಗೊತ್ತಾಗಲಿಲ್ಲ. ರಾತ್ರಿ ಹಾಸ್ಟೆಲಿನಲ್ಲಿ ಕಣ್ಣು ಬಿಡಲಾಗದಷ್ಟು ಉರಿ, ನೀರು. ವೆಲ್ಡಿಂಗ್ ನೋಡಿದವರಿಗೂ ಆಗುವುದು ಇದೇ ತೊಂದರೆ, ಕೆಲವು ಗಂಟೆ ಕಳೆದ ಮೇಲೇ ಗೊತ್ತಾಗುತ್ತದೆ. ಎರಡು ದಿನದಲ್ಲಿ ವಾಸಿಯಾಯಿತು, ಆದರೆ ಅವಳು ಅದನ್ನು ಅನುಭವಿಸಬೇಕಾದ ಅಗತ್ಯವೇ ಇರಲಿಲ್ಲ. ಈ ಕೆಲಸದಲ್ಲಿ ಇರುವವರು ಹೆಚ್ಚಾಗಿ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು, ಮೇಲಿನವರನ್ನು ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ.

ಲ್ಯಾಬ್ ನಡೆಸುವವರೇ, ಬಾಗಿಲು ತೆರೆದ ತಕ್ಷಣ ಯುವಿ ಆರುವಂಥ ಸ್ವಿಚ್ ಹಾಕಿಸಿ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಯುವಿ ಸ್ವಿಚ್ಚನ್ನು ಬಿಳಿ ಲೈಟಿನ ಸ್ವಿಚ್ ಪಕ್ಕ ಇಡಬೇಡಿ, ರೂಮಿನ ಹೊರಗಿಡಿ. ಕೆಲಸಕ್ಕೆ ಹೋಗುವ ಮಕ್ಕಳೇ, ಒಳಗೆ ಕಾಲಿಡುವ ಮುಂಚೆ ಲೈಟ್ ಆರಿದೆಯಾ ಅಂತ ಬಾಯಿಬಿಟ್ಟು ಕೇಳಿ.