ಗೂಡು ಕಲ್ಲಿನ ಬಳಿ, ಗಿರಣಿ ಬೂದಿಯ ಬಳಿ

ಶಹಾಬಾದ್ ಕಲ್ಲಿನ ನೆಲವನ್ನು ತುಳಿಯದವರು ಕರ್ನಾಟಕದಲ್ಲಿ ಕಡಿಮೆ. ಆ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಒತ್ತಾಗಿ ನಿಂತಿರುವುದಕ್ಕೆ ಆ ನೆಲದ ಸುಣ್ಣಕಲ್ಲೇ ಕಾರಣ. ಆದರೆ ಸಿಮೆಂಟ್ ಹೆಚ್ಚು ಖರ್ಚಾಗುವುದು ಬೆಂಗಳೂರು, ಹೈದರಾಬಾದ್, ಪುಣೆಯಂಥ ಊರುಗಳಲ್ಲಿ. ಕಲ್ಲನ್ನೇ ಅಲ್ಲಿಗೆ ಒಯ್ದು ಯಾಕೆ ಸುಡುವುದಿಲ್ಲ?

ತೂಕದ ಲೆಕ್ಕ ನೋಡಿ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಸಿಗುವ ಗಟ್ಟಿ ಉಂಡೆಗಳೇ ಕ್ಲಿಂಕರ್, ಅದನ್ನು ಅರೆದರೆ ಸಿಮೆಂಟ್. ಒಂದು ಟನ್ ಕ್ಲಿಂಕರ್‌ಗೆ ಸುಮಾರು 1.5 ಟನ್ ಸುಣ್ಣಕಲ್ಲು ಬೇಕು. ಮೇಲೆ 0.15ರಿಂದ 0.2 ಟನ್ ಕಲ್ಲಿದ್ದಲು. ಗೂಡಿನಲ್ಲಿ ಕಲ್ಲು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್, ಸರಿಸುಮಾರು ಅರ್ಧ ಟನ್, ಚಿಮಣಿಯಿಂದ ಹೊರಟುಹೋಗುತ್ತದೆ. ಕಲ್ಲನ್ನು ಬೆಂಗಳೂರಿಗೆ ತಂದು ಸುಟ್ಟರೆ ಗಾಳಿಗೆ ಹೋಗುವ ಆ ಅರ್ಧ ಟನ್ನಿಗೂ 500 ಕಿ.ಮೀ. ಮೀರಿ ಬಾಡಿಗೆ ಕೊಟ್ಟಂತೆ. 1909ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೇಬರ್ ಹೇಳಿದ್ದು ಇದನ್ನೇ: ಒಂದೇ ಕಡೆ ಸಿಗುವ ಕಚ್ಚಾವಸ್ತುವಿನ ತೂಕವನ್ನು ಸಿದ್ಧ ಮಾಲಿನ ತೂಕದಿಂದ ಭಾಗಿಸಿ. ಉತ್ತರ ಒಂದಕ್ಕಿಂತ ಎಷ್ಟು ಹೆಚ್ಚೋ, ಕಾರ್ಖಾನೆ ಅಷ್ಟು ಬಲವಾಗಿ ಕಚ್ಚಾವಸ್ತುವಿನ ಕಡೆ ಎಳೆಯಲ್ಪಡುತ್ತದೆ. ಕ್ಲಿಂಕರ್‌ಗೆ ಕಲ್ಲಿದ್ದಲೂ ಸೇರಿ ಅದು 1.7ರ ಹತ್ತಿರ ಬರುತ್ತದೆ.

ಹಾಗಾಗಿ ಗೂಡಿನ ಜಾಗದ ಬಗ್ಗೆ ಚರ್ಚೆಗೆ ಆಸ್ಪದವಿಲ್ಲ. ನಿಜವಾದ ತಲೆನೋವು ಗಿರಣಿಯದು, ಅಂದರೆ ಕ್ಲಿಂಕರ್ ಅರೆದು ಸಿಮೆಂಟ್ ಮಾಡುವ ಘಟಕದ್ದು. ಮಾರುಕಟ್ಟೆಯಲ್ಲಿ ಧಾರಾಳವಾಗಿ ಓಡುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲಿ ಹಾರುಬೂದಿ, ಅಂದರೆ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ನುಣುಪು ಬೂದಿ, 35 ಶೇಕಡದವರೆಗೆ ಇರಬಹುದು. ಒಂದು ಟನ್ನಿಗೆ ಕ್ಲಿಂಕರ್ 0.65, ಬೂದಿ 0.30, ಜಿಪ್ಸಮ್ 0.05 ಎಂದು ಹಿಡಿಯೋಣ. ಜಿಪ್ಸಮ್ ಸಣ್ಣ ಪಾಲು, ಬಿಟ್ಟುಬಿಡಿ. ಲೆಕ್ಕ ಸುಲಭವಾಗಲೆಂದು ಗಣಿಯಿಂದ 100 ಕಿ.ಮೀ.ಗೆ ಒಂದು ಶಾಖೋತ್ಪನ್ನ ಸ್ಥಾವರ, ಅದೇ ದಾರಿಯಲ್ಲಿ ಇನ್ನೂ 450 ಕಿ.ಮೀ. ಮುಂದೆ ಪೇಟೆ ಎಂದಿಟ್ಟುಕೊಳ್ಳಿ.

ಗಣಿಯ ಪಕ್ಕದಲ್ಲೇ ಅರೆದರೆ ಬೂದಿ ಹಿಂದಕ್ಕೆ ಬರಬೇಕು: 0.30 × 100 = 30 ಟನ್-ಕಿ.ಮೀ. ಸಿಮೆಂಟ್ ಪೇಟೆಗೆ ಹೋಗಲು 550. ಒಟ್ಟು 580. ಗಿರಣಿಯನ್ನು ಸ್ಥಾವರದ ಪಕ್ಕ ಹಾಕಿದರೆ ಕ್ಲಿಂಕರ್ 0.65 × 100 = 65, ಮುಂದೆ ಸಿಮೆಂಟ್ 450. ಒಟ್ಟು 515. ಟನ್-ಕಿ.ಮೀ.ಗೆ 2.50 ರೂಪಾಯಿ ಎಂದಿಟ್ಟುಕೊಂಡರೆ ಟನ್ನಿಗೆ 160 ರೂಪಾಯಿ ಚಿಲ್ಲರೆ ಉಳಿಯಿತು, 50 ಕಿಲೋ ಚೀಲಕ್ಕೆ 8 ರೂಪಾಯಿ. ಚೀಲಕ್ಕೆ ಐದು ರೂಪಾಯಿ ಹೆಚ್ಚುಕಮ್ಮಿಯಾದರೆ ಡೀಲರ್ ಬೇರೆ ಬ್ರ್ಯಾಂಡಿಗೆ ಹೋಗುವ ವ್ಯಾಪಾರದಲ್ಲಿ ಇದು ದೊಡ್ಡ ಮೊತ್ತ.

ಪೇಟೆಯ ಬಾಗಿಲಲ್ಲೇ ಅರೆದರೆ? ಅಲ್ಲಿ ಬೂದಿ ಇಲ್ಲದಿದ್ದರೆ ತೂಕದ ಲೆಕ್ಕದಲ್ಲಿ ಹೊಸ ಲಾಭವೇನಿಲ್ಲ, ಕ್ಲಿಂಕರಿನ ಜೊತೆ ಬೂದಿಯೂ 450 ಕಿ.ಮೀ. ಬರಲೇಬೇಕು. ಸಿಗುವ ಅನುಕೂಲ ಬೇರೆ ಥರದ್ದು. ಚೀಲದ ಸಿಮೆಂಟ್ ಮೂರು ತಿಂಗಳಲ್ಲಿ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಕ್ಲಿಂಕರ್ ಅದಕ್ಕಿಂತ ಗಟ್ಟಿ ಜೀವ. ತೆರೆದ ವ್ಯಾಗನ್ನಿನಲ್ಲಿ ಸಾಗಿಸಬಹುದು, ಚೀಲ ಹರಿಯುವ ಚಿಂತೆಯಿಲ್ಲ.

ಬೂದಿಯ ಬದಲು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಅದಿರು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟ) ಬಳಸುವ ಸಿಮೆಂಟಿನಲ್ಲಿ ಎಳೆತ ಇನ್ನೂ ಜೋರು. ಅದರಲ್ಲಿ ಸ್ಲ್ಯಾಗ್ 70 ಶೇಕಡದವರೆಗೆ ಹೋಗಬಹುದಾದ್ದರಿಂದ ಕ್ಲಿಂಕರೇ ಅಲ್ಪಸಂಖ್ಯಾತ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಸಿಮೆಂಟ್ ಗಿರಣಿ ಇರುವುದು ಸುಮ್ಮನೆ ಅಲ್ಲ.

ಕಾಗದದ ಮೇಲೆ ಚೆನ್ನಾಗಿದ್ದ ಲೆಕ್ಕ ಕೆಡುವುದು ಹೆಚ್ಚಾಗಿ ಬೂದಿಯಲ್ಲಿ. ಸ್ಥಾವರದ ಪೂರ್ಣ ಸಾಮರ್ಥ್ಯಕ್ಕೆ ಎಷ್ಟು ಬೂದಿ ಎಂದು ಗುಣಿಸಿ ಗಿರಣಿಯ ಗಾತ್ರ ನಿಗದಿ ಮಾಡಿಬಿಡುತ್ತಾರೆ. ಮಳೆ ಚೆನ್ನಾಗಿ ಬಂದು ಜಲವಿದ್ಯುತ್ ಹೆಚ್ಚಿದಾಗ ಶಾಖೋತ್ಪನ್ನ ಘಟಕಗಳನ್ನು ತಗ್ಗಿಸುತ್ತಾರೆ, ಬೂದಿಯೂ ತಗ್ಗುತ್ತದೆ. ಆಗ ಸ್ಥಾವರದವರು ನೀರು ಬೆರೆಸಿ ತಮ್ಮ ಬೂದಿಕೆರೆಗೆ ಬಿಟ್ಟ ಹಸಿ ಬೂದಿಯೇ ಗತಿ. ಅದರಲ್ಲಿ 20 ಶೇಕಡ ನೀರಿದ್ದರೆ ಪ್ರತಿ 100 ಟನ್ನಿಗೆ 20 ಟನ್ ನೀರಿನ ಬಾಡಿಗೆ ತೆರುತ್ತೀರಿ, ಮತ್ತೆ ಒಣಗಿಸಲು ಇಂಧನ ಸುಡುತ್ತೀರಿ. ಆದ್ದರಿಂದ ಸ್ಥಾವರದ ಹಿಂದಿನ ಕೆಲವು ವರ್ಷಗಳ ತಿಂಗಳವಾರು ಉತ್ಪಾದನೆ ನೋಡಿ, ಅತಿ ಕಡಿಮೆ ತಿಂಗಳನ್ನು ಹಿಡಿದೇ ಗಿರಣಿಯ ಗಾತ್ರ ಗೊತ್ತುಮಾಡಬೇಕು.

ಇನ್ನೊಂದು ಎಡವಟ್ಟು ರೈಲ್ವೆ ಸೈಡಿಂಗಿನದು, ಅಂದರೆ ಕಾರ್ಖಾನೆಯೊಳಗೇ ಬರುವ ಕವಲು ಹಳಿಯದು. ವಾಡಿ ಜಂಕ್ಷನ್ನಿನಿಂದ ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಮೂರೂ ದಿಕ್ಕಿಗೆ ಹಳಿಯಿದೆ, ಅದು ಆ ಸೀಮೆಯ ದೊಡ್ಡ ಭಾಗ್ಯ. ಆದರೆ ಮಾಲು ಇಳಿಸುವ ಕಡೆ ಸ್ವಂತ ಸೈಡಿಂಗ್ ಇಲ್ಲದಿದ್ದರೆ ಗೂಡ್ಸ್ ಶೆಡ್ಡಿನಲ್ಲಿ ಇಳಿಸಿ, ಲಾರಿಗೆ ತುಂಬಿ, ಮತ್ತೆ ಇಳಿಸಬೇಕು. ರೇಕ್, ಅಂದರೆ ಒಂದು ಇಡೀ ಗೂಡ್ಸ್ ರೈಲು, ಎಂದರೆ ಮೂರೂವರೆ ಸಾವಿರ ಟನ್ನಿನ ಆಸುಪಾಸು. ಕೊಟ್ಟ ಗಂಟೆಗಳೊಳಗೆ ಖಾಲಿಯಾಗದಿದ್ದರೆ ಡೆಮರೇಜ್, ಅಂದರೆ ತಡಕ್ಕೆ ದಂಡ, ಬೀಳುತ್ತದೆ. ದೂರ ಕಡಿಮೆಯಿದ್ದಾಗ ಈ ಏರಿಳಿಸುವ ಖರ್ಚೇ ರೈಲಿನ ಅಗ್ಗದ ದರವನ್ನು ನುಂಗಿಬಿಡುತ್ತದೆ.

ಲಾರಿ ಬಾಡಿಗೆ ಲೆಕ್ಕ ಹಾಕುವಾಗ ವಾಪಸ್ ಲೋಡ್ ಕೇಳದೆ ಯಾವ ದರವನ್ನೂ ಒಪ್ಪಬಾರದು. ಬರುವಾಗ ಖಾಲಿ ಬರುವ ಗಾಡಿಯವನು ಆ ಡೀಸೆಲ್ಲನ್ನೂ ಹೋಗುವ ಮಾಲಿನ ಮೇಲೆಯೇ ಹಾಕುತ್ತಾನೆ. ಬೂದಿ ತುಂಬುವ ಬಲ್ಕರ್ (ಪುಡಿ ಸಾಗಿಸುವ ಟ್ಯಾಂಕರ್ ಲಾರಿ) ವಾಪಸಾಗುವಾಗ ಚೀಲ ಹೊರಲಾರದು, ಬಿಡಿ ಸಿಮೆಂಟನ್ನು ಮಾತ್ರ ಹೊತ್ತೀತು. ಹಾಗಾಗಿ ಬೂದಿ ಬರುವ ದಾರಿಯಲ್ಲೇ ರೆಡಿಮಿಕ್ಸ್ ಕಾಂಕ್ರೀಟ್ ಘಟಕಗಳಿಗೆ ಬಿಡಿ ಸಿಮೆಂಟ್ ಮಾರಲು ಸಾಧ್ಯವೇ ಎಂಬುದನ್ನು ಜಾಗ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.