ಬೆಲೆ ಇರುವುದು ತಗಡಿನಲ್ಲಿ

ಡಾಟ್ಸನ್ 240ಝಡ್ ಎಂಬ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ನನಗೆ ಕಳಿಸುವ ವಿಡಿಯೊಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬಾನೆಟ್ ಎತ್ತಿರುತ್ತಾರೆ, ಎಂಜಿನ್ ಚಾಲೂ ಇರುತ್ತದೆ, ಆರು ಸಿಲಿಂಡರುಗಳ ದನಿ ಕೇಳಿಸುತ್ತಿರುತ್ತದೆ. ಕೊನೆಗೆ ಪ್ರಶ್ನೆ: "ಸರ್, ಎಂಜಿನ್ ಹೇಗಿದೆ? ಎಷ್ಟು ಕೊಡಬಹುದು?" ಬ್ಯಾಟರಿಯನ್ನು ಎತ್ತಿಟ್ಟು, ಅದು ಕೂರುವ ತಟ್ಟೆಯದೂ ಅದರ ಕೆಳಗಿನ ಭಾಗದ್ದೂ ಚಿತ್ರ ಕಳಿಸಿ ಎಂದು ನಾನು ಉತ್ತರಿಸುತ್ತೇನೆ. ಹಲವರು ಆಮೇಲೆ ಬರೆಯುವುದೇ ಇಲ್ಲ. ಎಂಜಿನ್ ಬಗ್ಗೆ ಕೇಳಿದರೆ ಈ ಮನುಷ್ಯ ಬ್ಯಾಟರಿಯ ಮಾತೆತ್ತುತ್ತಾನಲ್ಲ ಎಂದು ಅವರಿಗೆ ಅನ್ನಿಸುತ್ತಿರಬೇಕು.

ಈ ಕಾರಿನ ಎಂಜಿನ್ನಿಗೆ ಯಾರೂ ಹೆದರಬೇಕಾಗಿಲ್ಲ. ಬೀಡುಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ, ಅಂದರೆ ಕ್ರ್ಯಾಂಕಿಗೆ, ಏಳು ಬೇರಿಂಗು. ಆರು ಸಿಲಿಂಡರು ಸೇರಿ 2393 ಸಿಸಿ. ಎಣ್ಣೆ ಬದಲಿಸುತ್ತ ಬಂದರೆ ಮಾಲೀಕನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕೆಟ್ಟರೂ ಬಿಚ್ಚಿ ಕಟ್ಟಬಲ್ಲವರು ಸಿಗುತ್ತಾರೆ, ಬಿಡಿಭಾಗಗಳೂ ಸಿಗುತ್ತವೆ. ಕಾರನ್ನು ಕೊಲ್ಲುವುದು ತಗಡು. ನಿಸಾನ್ ಕಂಪನಿ 1969ರಲ್ಲಿ ಫೇರ್‌ಲೇಡಿ ಝಡ್ ಎಂದು ಹೊರತಂದ ಈ ಗಾಡಿ ಅಮೆರಿಕಕ್ಕೆ ಡಾಟ್ಸನ್ 240ಝಡ್ ಆಗಿ ಹೋಯಿತು. ಅಲ್ಲಿ ಅದರ ಬೆಲೆ 3,526 ಡಾಲರ್. (ಅಲ್ಲಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುತಾಕಾ ಕಟಾಯಾಮಾ ಅವರಿಗೆ ಫೇರ್‌ಲೇಡಿ ಎಂಬ ಹೆಸರು ಕಂಡರಾಗದೆ, ಬಂದ ಕಾರುಗಳಿಂದ ಆ ಲಾಂಛನ ಕಿತ್ತು 240ಝಡ್ ಎಂದು ಹಾಕಿಸಿದರು ಎಂಬ ಕಥೆ ಪ್ರಸಿದ್ಧ. ಅವರು 105 ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.) ಕೈಗೆಟಕುವ ಬೆಲೆಯ ಕಾರಾದ್ದರಿಂದ ಜನ ಅದನ್ನು ದಿನಬಳಕೆಗೇ ಇಟ್ಟುಕೊಂಡರು. ಹಿಮ ಕರಗಲೆಂದು ಉಪ್ಪು ಸುರಿದ ರಸ್ತೆಗಳಲ್ಲಿ ಓಡಿಸಿದರು, ರಾತ್ರಿ ಬಯಲಲ್ಲೇ ಬಿಟ್ಟರು. ತಗಡು ತೆಳು, ತುಕ್ಕುನಿರೋಧಕ ಲೇಪ ಇನ್ನೂ ತೆಳು. 240ಝಡ್, ಅದರ ನಂತರ ಬಂದ 260ಝಡ್, 280ಝಡ್ ಎಲ್ಲ ಸೇರಿ ಈ ಪೀಳಿಗೆಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಆದರೂ ನೆಟ್ಟಗಿರುವ ಒಂದನ್ನು ಹುಡುಕಲು ಇಂದು ವರ್ಷಗಟ್ಟಲೆ ಅಲೆಯಬೇಕು.

ಬ್ಯಾಟರಿಯ ಮಾತಿಗೆ ಬರುತ್ತೇನೆ. ಅದು ಕೂತಿರುವುದು ಎಂಜಿನ್ ಕೋಣೆಯ ಹಿಂದಿನ ಗೋಡೆಯ ಬಲಮೂಲೆಯಲ್ಲಿ. ಹಳೆಯ ಬ್ಯಾಟರಿಗಳು ಆಮ್ಲ ಕಕ್ಕುತ್ತಿದ್ದವು. ಅದು ಮೊದಲು ತಟ್ಟೆಯನ್ನು ತಿನ್ನುತ್ತದೆ, ಬಳಿಕ ಗೋಡೆಯನ್ನು, ಆಮೇಲೆ ಕೆಳಗಿಳಿದು ಚಾಸಿಯ ಉದ್ದತೊಲೆಯನ್ನು. ಆ ತೊಲೆ ತಗಡನ್ನೇ ಮಡಿಸಿ ಮಾಡಿದ ಪೊಳ್ಳು ಪೆಟ್ಟಿಗೆ. ಹೊರಗಿನಿಂದ ಕಪ್ಪು ಬಣ್ಣ ಬಳಿದಿದ್ದರೆ ಏನೂ ಕಾಣಿಸುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ. ಒಳಗೆ ತುಕ್ಕಿನ ಪುಡಿ ತುಂಬಿದ್ದರೆ ದನಿ ಸತ್ತು ದಬ್ ಎನ್ನುತ್ತದೆ, ಜೊತೆಗೆ ಒಳಗೇನೋ ಮರಳಿನಂತೆ ಜರುಗಿದ್ದೂ ಕೇಳಿಸುತ್ತದೆ. ಆ ಸದ್ದು ಕೇಳಿದ ಕೂಡಲೇ ನಾನು ಕೈ ಒರೆಸಿಕೊಂಡು ಎದ್ದುಬಿಡುತ್ತೇನೆ.

ಮುಂಗಾಜಿನ ಬುಡದಲ್ಲಿ ಎಲೆಕಸ ಸೇರಿ ನೀರು ಹೊರಹೋಗುವ ದಾರಿ ಮುಚ್ಚಿಹೋಗಿರುತ್ತದೆ. ಆ ನೀರು ಬಾಗಿಲ ಕೆಳಗಿನ ಪೊಳ್ಳಿಗೆ ಇಳಿದು, ಹಿಂಚಕ್ರದ ಮುಂದಿನ ಮೂಲೆಯನ್ನು ಒಳಗಿನಿಂದ ತಿನ್ನುತ್ತದೆ. ಅಲ್ಲಿ ಪುಟ್ಟಿ ಮೆತ್ತಿದ್ದಾರೆಯೇ ಎಂದು ತಿಳಿಯಲು ಬಟ್ಟೆ ಸುತ್ತಿದ ಅಯಸ್ಕಾಂತ ಸಾಕು. ಹಿಂಬಾಗಿಲ ಸುತ್ತಲಿನ ರಬ್ಬರು ಹೋಗಿದ್ದರೆ ಓಡುವಾಗ ಸೈಲೆನ್ಸರಿನ ಹೊಗೆ ಒಳಗೆ ಬರುತ್ತದೆ. ಪರೀಕ್ಷಾರ್ಥ ಓಡಿಸಿದ ಮೇಲೆ ತಲೆನೋವು ಬಂದರೆ ಆ ರಬ್ಬರನ್ನು ಅನುಮಾನಿಸಿ.

ನನ್ನ ಕಾರು 1971ರದು, ಕಿತ್ತಳೆ ಬಣ್ಣದ್ದು. ಅದರ ನೆಲದ ತಗಡನ್ನು ನಾನೇ ಬದಲಿಸಿದೆ. ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ತಗಡಿಗೆ ಉದ್ದಕ್ಕೂ ಬೆಸುಗೆ ಎಳೆದರೆ ಅದು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದಕ್ಕೇ ಬೆಸುಗೆಯ ಒಂದು ಚುಕ್ಕಿ ಇಲ್ಲಿ, ಇನ್ನೊಂದು ಗೇಣು ದೂರದಲ್ಲಿ, ಮತ್ತೊಂದು ಆಚೆ ತುದಿಯಲ್ಲಿ. ಬರಿಗೈ ಇಡುವಷ್ಟು ಆರಿದ ಮೇಲೆ ನಡುವಿನ ಖಾಲಿಗಳಲ್ಲಿ ಮತ್ತೆ ಚುಕ್ಕಿ. ಹೀಗೆ ಚುಕ್ಕಿಗಳು ಕೂಡಿ ಗೆರೆಯಾಗುವ ಹೊತ್ತಿಗೆ ಊಟದ ಹೊತ್ತು ಮೀರಿರುತ್ತದೆ. ಆಮೇಲೆ ಉಜ್ಜುವುದು, ಪ್ರೈಮರ್ ಬಳಿಯುವುದು, ಪೊಳ್ಳುಗಳ ಒಳಗೆ ಮೇಣ ಸಿಂಪಡಿಸುವುದು. ಕಾರ್ಪೆಟ್ ಹಾಸಿದ ಮೇಲೆ ಇದಾವುದೂ ಯಾರ ಕಣ್ಣಿಗೂ ಬೀಳುವುದಿಲ್ಲ. ಖರ್ಚೆಲ್ಲ ಇಲ್ಲಿಯೇ ಹೋಗುತ್ತದೆ.

ಈ ಲೆಕ್ಕ ಕಾರು ಮಾಡಿದ ಕಂಪನಿಗೇ ಕೂಡಲಿಲ್ಲ. 1990ರ ದಶಕದ ಕೊನೆಯಲ್ಲಿ ನಿಸಾನಿನ ಅಮೆರಿಕ ಶಾಖೆ ಹಳೆಯ 240ಝಡ್‌ಗಳನ್ನು ಕೊಂಡು, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿ, ತನ್ನ ಮಾರಾಟಗಾರರ ಮೂಲಕ ಸುಮಾರು 25,000 ಡಾಲರಿಗೆ ಮಾರಲು ಹೊರಟಿತು. ಒಂದೊಂದು ಕಾರಿನ ದುರಸ್ತಿಗೂ ಮಾರುವ ಬೆಲೆಗಿಂತ ಹೆಚ್ಚು ಖರ್ಚಾಗತೊಡಗಿ, ಐವತ್ತು ಕಾರು ಆಗುವ ಮೊದಲೇ ಯೋಜನೆ ನಿಂತಿತು. ಆದ್ದರಿಂದ, ಅಗ್ಗಕ್ಕೆ ಕೊಂಡು ಸರಿಮಾಡಿ ಲಾಭಕ್ಕೆ ಮಾರುತ್ತೇನೆ ಎಂದು ಯಾರಾದರೂ ನನಗೆ ಬರೆದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಶುಭವಾಗಲಿ ಎಂದಷ್ಟೇ ಬರೆಯುತ್ತೇನೆ.

ಇಷ್ಟೆಲ್ಲ ಆದ ಮೇಲೆ ಮನಸ್ಸು ತಣಿಯುವುದು ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಕೆಲಸದಲ್ಲಿ. ಬ್ರಿಟನ್ನಿನ ಎಸ್‌ಯು ಮಾದರಿಯಲ್ಲಿ ಹಿಟಾಚಿ ಮಾಡಿದ ಎರಡು ಗುಂಡುತಲೆಯ ಕಾರ್ಬ್ಯುರೇಟರುಗಳು ಇದರಲ್ಲಿವೆ. ಒಳಗಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರೆ ಮೆಲ್ಲನೆ ಇಳಿದು ತಳದಲ್ಲಿ ಕಟ್ ಎಂದು ಕೂರಬೇಕು. ಕೂರದೆ ನಡುವೆ ನಿಂತರೆ ಒಳಗೆ ಕೊಳೆ ಇದೆ, ಇಲ್ಲವೇ ಮೇಲಿನ ಟೊಪ್ಪಿಗೆ ಇನ್ನೊಂದರದರ ಜೊತೆ ಅದಲುಬದಲಾಗಿದೆ. ಎರಡೂ ಸಮವಾಗಿ ಗಾಳಿ ಎಳೆಯುತ್ತಿವೆಯೇ ಎಂದು ಅಳೆಯುವ ಉಪಕರಣವೊಂದು ನನ್ನಲ್ಲಿದೆ, ಆದರೆ ನಾನು ಬಳಸುವುದು ಒಂದು ಮೊಳದ ರಬ್ಬರ್ ಕೊಳವೆಯನ್ನು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ. ಮುಂದಿನದು "ಹೂ" ಎಂದು, ಹಿಂದಿನದು "ಹೀ" ಎಂದು ಸೀಟಿ ಹೊಡೆಯುತ್ತಿದ್ದರೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಕೇಳುವುದು. ಎರಡರ ಶ್ರುತಿಯೂ ಕೂಡಿದ ಗಳಿಗೆಯಲ್ಲಿ ಇಡೀ ಎಂಜಿನ್ನಿನ ನಡುಕ ನಿಲ್ಲುತ್ತದೆ. ಹೊಗೆಯ ನಿಯಮಗಳಿಗಾಗಿ 1973ರ ಮಾದರಿಗೆ ಕೊಟ್ಟ ಚಪ್ಪಟೆತಲೆಯ ಕಾರ್ಬ್ಯುರೇಟರುಗಳನ್ನು ಮಾತ್ರ ಯಾವ ಶ್ರುತಿಗೂ ತರಲಾಗುವುದಿಲ್ಲ. ಅಂಥ ಕಾರು ಕೊಂಡವರಲ್ಲಿ ಬಹುಪಾಲು ಮಂದಿ ಅವನ್ನು ಕಿತ್ತು ಹಳೆಯ ಗುಂಡುತಲೆಯವನ್ನು ಹಾಕಿಕೊಂಡರು. ಹೀಗಾಗಿ 1973ರ ಕಾರಿನಲ್ಲಿ ಮೂಲ ಕಾರ್ಬ್ಯುರೇಟರ್ ಇಲ್ಲವೆಂದು ಬೆಲೆ ಇಳಿಸಲು ನೋಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಬೆಲೆಯ ವಿಚಾರಕ್ಕೆ ಬರೋಣ. 2020ರ ಜನವರಿಯಲ್ಲಿ ಒಂದು 1971ರ 240ಝಡ್ ಅಮೆರಿಕದ ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಅದು ಓಡಿದ್ದು 22,000 ಮೈಲಿಗೂ ಕಡಿಮೆ. ಸುದ್ದಿ ಹರಡಿದ್ದೇ ತಡ, ಕೋಳಿಗೂಡಿನ ಪಕ್ಕ ಕಾರು ಬಿಟ್ಟಿದ್ದವರೆಲ್ಲ ತಮ್ಮದಕ್ಕೂ ಅಷ್ಟೇ ಎಂದು ಕನಸು ಕಾಣತೊಡಗಿದರು. ಆ ಹಣ ಕೊಟ್ಟದ್ದು ಮಾದರಿಗಲ್ಲ, ಯಾರೂ ಕೈಯಾಡಿಸದೆ ಉಳಿದ ಆ ಒಂದು ಕಾರಿಗೆ. ಅದೇ ತಿಂಗಳು ಜಪಾನಿನ ಹರಾಜಿನಲ್ಲಿ ಒಂದು ಫೇರ್‌ಲೇಡಿ ಝಡ್432ಆರ್ 8.8 ಕೋಟಿ ಯೆನ್ ದಾಟಿತು. ಅದರ ಕಥೆಯೇ ಬೇರೆ. ಸಿಲಿಂಡರಿಗೆ ನಾಲ್ಕು ವಾಲ್ವು, ಒಟ್ಟು ಮೂರು ಕಾರ್ಬ್ಯುರೇಟರು, ಎರಡು ಕ್ಯಾಮ್‌ಶಾಫ್ಟು ಎಂಬುದರಿಂದ 432. ಒಳಗಿರುವುದು ನಿಸಾನಿನದೇ ವೇಗದ ಕಾರಾದ ಸ್ಕೈಲೈನ್ ಜಿಟಿ-ಆರ್‌ಗೂ ಕೊಟ್ಟ ಎಸ್20 ಎಂಜಿನ್. ಅದರ ಬೇರು 1966ರಲ್ಲಿ ನಿಸಾನಿನೊಂದಿಗೆ ವಿಲೀನವಾದ ಪ್ರಿನ್ಸ್ ಕಂಪನಿಯ ರೇಸ್ ಕಾರಿನಲ್ಲಿದೆ. ಆರ್ ಎಂಬುದು ರೇಸಿಗಾಗಿ ತೂಕ ಇಳಿಸಿ ಮಾಡಿದ ಬೆರಳೆಣಿಕೆಯ ಕಾರುಗಳು.

ವಿರಳವಾಗಿದ್ದ ಮಾತ್ರಕ್ಕೆ ಬೆಲೆ ಬರುತ್ತದೆ ಎನ್ನುವವರು ಟೊಯೊಟಾ 2000ಜಿಟಿಯನ್ನೂ ಮಾಝ್ದಾ ಕಾಸ್ಮೊ ಸ್ಪೋರ್ಟ್ಸನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ 1967ರಲ್ಲಿ ಮಾರುಕಟ್ಟೆಗೆ ಬಂದವು. ಟೊಯೊಟಾ ಯಮಾಹಾ ಜೊತೆಗೂಡಿ ಮಾಡಿದ 2000ಜಿಟಿ ತಯಾರಾದದ್ದು 351, ಕಾಸ್ಮೊ 1,176. 2000ಜಿಟಿ 2013ರಲ್ಲೇ ಹನ್ನೊಂದೂವರೆ ಲಕ್ಷ ಡಾಲರ್ ದಾಟಿತು. ಅಮೆರಿಕದ ಕ್ಯಾರೊಲ್ ಶೆಲ್ಬಿಯವರ ತಂಡ ರೇಸಿಗಿಳಿಸಿದ್ದ ಒಂದು ಕಾರು 2022ರಲ್ಲಿ 25 ಲಕ್ಷ ಡಾಲರಿಗೂ ಮೇಲೆ ಹೋಯಿತು. ಕಾಸ್ಮೊ ಅದರ ಸಣ್ಣ ಪಾಲಿಗೂ ಸಿಗುತ್ತದೆ. ಮೂರು ಪಟ್ಟು ಹೆಚ್ಚು ಮಾಡಿದ್ದರೆಂಬುದು ಅಷ್ಟು ಅಂತರಕ್ಕೆ ಕಾರಣವಾಗಲಾರದು. ಕಾಸ್ಮೊದಲ್ಲಿ ಪಿಸ್ಟನ್ನಿನ ಬದಲು ಮೂರು ಮೂಲೆಯ ರೋಟರು ಸುತ್ತುತ್ತದೆ, ಆ ರೋಟರಿ ಎಂಜಿನ್ನಿನ ಭಯವೇ ಕಾರಣವೆಂದು ನನ್ನ ಎಣಿಕೆ. ಮೂಲೆಯ ಸೀಲುಗಳು ಸವೆದವೇ ಎಂದು ನೋಡಲು ಸಾಮಾನ್ಯ ಕಂಪ್ರೆಷನ್ ಗೇಜು ಸಾಲದು, ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಅಳೆಯುವುದು ಬೇಕು. ಕೊಳ್ಳುವವನಿಗೆ ಅರ್ಥವಾಗದ ಯಂತ್ರಕ್ಕೆ ಅವನು ಕೈಬಿಚ್ಚಿ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಇಬ್ಬರಲ್ಲಿ ಧೈರ್ಯವಂತ ಕಾಸ್ಮೊ. ಮಾಝ್ದಾದ ಎಂಜಿನಿಯರ್ ಕೆನಿಚಿ ಯಮಾಮೊಟೊ ಅವರ ತಂಡ ರೋಟರು ಸುತ್ತುವ ಕೋಣೆಯ ಒಳಗೋಡೆಯ ಮೇಲೆ ಸೀಲುಗಳು ಗೀರುತ್ತಿದ್ದ ಬರೆಗಳನ್ನು "ದೆವ್ವದ ಉಗುರುಗುರುತು" ಎಂದು ಕರೆದು, ವರ್ಷಗಟ್ಟಲೆ ಅದರೊಂದಿಗೆ ಗುದ್ದಾಡಿ ಗೆದ್ದ ಕಾರು ಅದು.

ಇನ್ನು ಸ್ಕೈಲೈನಿನ ವೇಷಧಾರಿಗಳು. ಹಕೊಸುಕ ಎಂದು ಕರೆಯುವ ಚೌಕಾಕಾರದ ಹಳೆಯ ಸ್ಕೈಲೈನಿನಲ್ಲಿ ನಿಜವಾದ ಜಿಟಿ-ಆರ್ ಆದರೆ ಚಾಸಿ ಸಂಖ್ಯೆ ಪಿಜಿಸಿ10 ಅಥವಾ ಕೆಪಿಜಿಸಿ10 ಎಂದು ಆರಂಭವಾಗುತ್ತದೆ. ಜಿಸಿ10, ಕೆಜಿಸಿ10 ಎಂದಿದ್ದರೆ ಸಾಧಾರಣ ಜಿಟಿ. ಮೇಲೆ ಯಾವ ಲಾಂಛನ ಅಂಟಿಸಿದ್ದರೂ ಅಷ್ಟೇ. ಸಾಧಾರಣ ಜಿಟಿಯ ಹಿಂಚಕ್ರದ ಮೇಲೆ ಅಲೆಯಂತೆ ಹಾಯುವ ಒಂದು ಮಡಿಕೆ ಇದೆ. ಅಗಲದ ಚಕ್ರ ಹಿಡಿಸಲು ಜಿಟಿ-ಆರ್‌ನಲ್ಲಿ ಅದನ್ನು ಕತ್ತರಿಸಿದ್ದರು. ನಕಲು ಮಾಡುವವರೂ ಕತ್ತರಿಸುತ್ತ ಬಂದಿದ್ದಾರೆ. ಆ ಮಡಿಕೆ ಅಖಂಡವಾಗಿರುವ ಜಿಟಿ ಕಂಡರೆ ನನಗೆ ಸುಳ್ಳು ಜಿಟಿ-ಆರ್‌ಗಿಂತ ಹತ್ತುಪಟ್ಟು ಖುಷಿ.

ಜಪಾನಿನ ಹರಾಜಿನಿಂದ ಕಾರು ತರಿಸುವವರಿಗೆ ಅಲ್ಲಿನ ತಪಾಸಣಾ ಹಾಳೆ ಓದಲು ಬರಬೇಕು. ಕಾರಿನ ರೇಖಾಚಿತ್ರದ ಮೇಲೆ ಅಕ್ಷರಗಳಿರುತ್ತವೆ: ಎ ಎಂದರೆ ಗೀರು, ಯು ಎಂದರೆ ತಗ್ಗು, ಎಸ್ ಎಂದರೆ ತುಕ್ಕು. ಪಕ್ಕದ ಅಂಕಿ ಹೆಚ್ಚಿದಷ್ಟೂ ಹಾನಿ ಹೆಚ್ಚು. ನಾನು ಮೊದಲು ಹುಡುಕುವುದು ಡಬ್ಲ್ಯು. ಅಲ್ಲಿ ರಿಪೇರಿಯಾಗಿದೆ, ತಗಡು ಅಲೆಅಲೆಯಾಗಿದೆ ಎಂದು ಅದರ ಅರ್ಥ. ದರ್ಜೆಯ ಜಾಗದಲ್ಲಿ ಆರ್ ಇದ್ದರೆ ಅಪಘಾತದ ದುರಸ್ತಿಯ ಇತಿಹಾಸವಿದೆ ಎಂದು. ಅಷ್ಟಕ್ಕೇ ಕಾರನ್ನು ತಳ್ಳಿಹಾಕಬೇಕಿಲ್ಲ. ಒಳ್ಳೆಯ ಕೈಯಲ್ಲಿ ಬದಲಾದ ಮಡ್‌ಗಾರ್ಡಿಗಿಂತ ಕೆಟ್ಟ ಕೈಯಲ್ಲಿ ಮುಚ್ಚಿಟ್ಟ ತುಕ್ಕು ಅಪಾಯಕಾರಿ.

ಬಿಡಿಭಾಗಗಳ ಪರಿಸ್ಥಿತಿ ಈಗ ಮೊದಲಿಗಿಂತ ವಾಸಿ. ನಿಸಾನಿನ ರೇಸ್ ಅಂಗಸಂಸ್ಥೆ ನಿಸ್ಮೊ 2017ರಲ್ಲಿ ಆರ್32 ಎಂಬ ನಂತರದ ಪೀಳಿಗೆಯ ಜಿಟಿ-ಆರ್‌ಗೆ ಹಳೆಯ ಭಾಗಗಳನ್ನು ಮತ್ತೆ ಮಾಡಿಕೊಡಲು ಶುರುಮಾಡಿತು. ಅದೇ ವರ್ಷ ಮಾಝ್ದಾ ಮೊದಲ ಪೀಳಿಗೆಯ ರೋಡ್‌ಸ್ಟರನ್ನು ತಾನೇ ದುರಸ್ತಿ ಮಾಡುವುದಾಗಿ ಪ್ರಕಟಿಸಿತು. 2020ರಲ್ಲಿ ಟೊಯೊಟಾ ತನ್ನ ಸುಪ್ರಾ ಕಾರಿಗಷ್ಟೇ ಅಲ್ಲ, 2000ಜಿಟಿಯ ಗೇರ್‌ಬಾಕ್ಸಿಗೂ ಭಾಗಗಳನ್ನು ಹೊರತಂದಿತು. ಆದರೆ ಬಿಸಿಲಿಗೆ ಸೀಳಿದ ಡ್ಯಾಶ್‌ಬೋರ್ಡು, ಬಾಗಿಲಿನ ಸಣ್ಣ ಕ್ಲಿಪ್ಪು, ಗಡಿಯಾರದ ಒಳಗಿನ ಹಲ್ಲುಚಕ್ರ, ಇಂಥವನ್ನು ಯಾವ ಕಂಪನಿ ಎಲ್ಲಿಯವರೆಗೆ ಮಾಡೀತು? ಹೀಗಾಗಿ ಮಾರಾಟದ ಕಾರಿನಲ್ಲಿ ನಾನು ಇಲ್ಲದ ಭಾಗಗಳ ಪಟ್ಟಿ ಮಾಡಿ ಬೆಲೆ ಕಟ್ಟುತ್ತೇನೆ. ಎಂಜಿನ್ ನಿಂತುಹೋಗಿದ್ದರೂ ಡ್ಯಾಶ್‌ಬೋರ್ಡು ಸೀಳದ ಕಾರು, ಎಂಜಿನ್ ಜೀವಂತವಿದ್ದೂ ಭಾಗಗಳಿಲ್ಲದ ಬೋಳು ಕಾರಿಗಿಂತ ಲೇಸು. ಎಂಜಿನ್ ಕೋಣೆಯ ಫಲಕದಲ್ಲಿ ಕೆತ್ತಿದ ಎಂಜಿನ್ ಸಂಖ್ಯೆಗೂ ಬ್ಲಾಕಿನ ಮೇಲಿನ ಸಂಖ್ಯೆಗೂ ತಾಳೆಯಾಗುತ್ತಿದ್ದರೆ ಇನ್ನಷ್ಟು ಕೊಡಬಹುದು.

ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನು ಅಲ್ಲಿನ ಸುರಕ್ಷತಾ ನಿಯಮಗಳ ತಡೆಯಿಲ್ಲದೆ ಆಮದು ಮಾಡಿಕೊಳ್ಳಬಹುದು. 1999ರಲ್ಲಿ ಬಂದ ಆರ್34 ಜಿಟಿ-ಆರ್‌ಗೆ 2024ರಲ್ಲಿ ಆ ಬಾಗಿಲು ತೆರೆಯಿತು, ಬೆಲೆ ಮಾತ್ರ ಅದಕ್ಕೂ ಮುಂಚೆಯೇ ಗಗನಕ್ಕೇರಿತ್ತು. ಕ್ಯಾಲೆಂಡರ್ ನೋಡಿ ಕಾರು ಕೊಳ್ಳುವ ಆ ಆಟದಲ್ಲಿ ನನಗೆ ಆಸಕ್ತಿಯಿಲ್ಲ.

ಸದ್ಯ ನನ್ನ ಕಣ್ಣು ಒಂದು ಹೋಂಡಾ ಎಸ್600 ಮೇಲಿದೆ. 606 ಸಿಸಿಯ ಪುಟ್ಟ ಎಂಜಿನ್, ನಾಲ್ಕು ಸಿಲಿಂಡರಿಗೆ ನಾಲ್ಕು ಕಾರ್ಬ್ಯುರೇಟರು, ನಿಮಿಷಕ್ಕೆ 8,500 ಸುತ್ತಿನಲ್ಲಿ 57 ಅಶ್ವಶಕ್ತಿ. ಹಿಂಚಕ್ರಗಳಿಗೆ ಎಣ್ಣೆಯಲ್ಲಿ ಮುಳುಗಿದ ಚೈನು, ಆ ಚೈನಿನ ಪೆಟ್ಟಿಗೆಯೇ ಸಸ್ಪೆನ್ಷನ್ನಿನ ತೋಳು. ಕ್ರ್ಯಾಂಕು ತಿರುಗುವುದು ರೋಲರ್ ಬೇರಿಂಗಿನ ಮೇಲೆ, ಅದನ್ನು ಬಿಡಿಸಿ ಕಟ್ಟಬಲ್ಲವರು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಎಂಜಿನ್ನಿಗೆ ಹೆದರಬೇಡಿ ಎಂಬ ನನ್ನ ಉಪದೇಶ ಈ ಕಾರಿಗೆ ನಡೆಯುವುದಿಲ್ಲ. ಮಾರುವವರು ಕ್ರ್ಯಾಂಕನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಏಕೆ ಬಿಚ್ಚಿದಿರಿ ಎಂದರೆ ಮಾತು ಮರೆಸುತ್ತಾರೆ. ತಗಡು ಮಾತ್ರ ಮುಂದಿನಿಂದ ಹಿಂದಿನವರೆಗೂ ಠಣ್ ಎನ್ನುತ್ತದೆ. ಅವರು ಬೆಲೆ ಇಳಿಸುತ್ತಿಲ್ಲ, ನಾನು ಏರಿಸುತ್ತಿಲ್ಲ. ಆ ಕ್ರ್ಯಾಂಕನ್ನು ಬಿಡಿಸಿ ಕಟ್ಟಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಬರೆಯಿರಿ; ಕಾರಿನ ಮಾಲೀಕರು ಅದನ್ನು ಬೇರೆಯವರಿಗೆ ಮಾರುವುದರೊಳಗೆ ನಾನು ತೀರ್ಮಾನಿಸಬೇಕಿದೆ.