ಸೇವಾ ಆಸ್ಪತ್ರೆಗೆ ಸ್ವಂತ ಕಟ್ಟಡ: ಖರೀದಿಪತ್ರದ ಆಚೆಗಿನ ಲೆಕ್ಕ

ಗದಗಿನ ಒಂದು ಧರ್ಮಾರ್ಥ ಆರೋಗ್ಯ ಕೇಂದ್ರದ ಆಡಳಿತ ಮತ್ತು ಲೆಕ್ಕಪತ್ರಗಳ ಹೊಣೆ ನನ್ನದು. ಬಾಡಿಗೆ ಮನೆಯಲ್ಲಿದ್ದ ಕೇಂದ್ರ ಸ್ವಂತ ಕಟ್ಟಡಕ್ಕೆ ಬರುವವರೆಗಿನ ಕೆಲಸವನ್ನೆಲ್ಲ ಹತ್ತಿರದಿಂದ ಕಂಡಿರುವುದರಿಂದ, ಇದೇ ಆಲೋಚನೆಯಲ್ಲಿರುವ ಇತರ ಸಂಸ್ಥೆಗಳವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸಿದೆ: ಜಾಗದ ಬೆಲೆಗೆಂದು ದೇಣಿಗೆ ಕೂಡಿಸುವಾಗಲೇ, ಆ ಜಾಗವನ್ನು ಮುಂದೆ ಉಳಿಸಿಕೊಂಡು ಹೋಗುವ ಖರ್ಚಿಗೂ ಕೂಡಿಸಬೇಕು.

ಸ್ವಂತ ಜಾಗ ಬೇಕೆನ್ನುವುದಕ್ಕೆ ಬಾಡಿಗೆ ಏರುತ್ತಿರುವುದೊಂದೇ ಕಾರಣವಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಅಡಿಯಲ್ಲಿ ಸಿಗುವ ನೋಂದಣಿ ನಿರ್ದಿಷ್ಟ ವಿಳಾಸಕ್ಕೆ ಸೇರಿದ್ದು. ಸ್ಕ್ಯಾನಿಂಗ್ ಯಂತ್ರದ ನೋಂದಣಿಯೂ ಹಾಗೆಯೇ. ಎಕ್ಸ್‌ರೇ ಕೋಣೆಗೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನೂ ಸೀಸದ ಹಾಳೆ ಹೊದಿಸಿದ ಬಾಗಿಲನ್ನೂ ಸಂಸ್ಥೆ ತನ್ನ ಖರ್ಚಿನಲ್ಲಿ ಮಾಡಿಸಿದ ಮೇಲೆ ಮಾಲೀಕರು ಜಾಗ ಬಿಡಿ ಎಂದರೆ, ಗೋಡೆ ಅವರಿಗೆ ಉಳಿಯುತ್ತದೆ, ಪರವಾನಗಿಗಳ ಓಡಾಟ ಮಾತ್ರ ನಮ್ಮ ಪಾಲಿಗೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಜಾಗ ನೋಡುವಾಗ ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಮಣ್ಣಿನ ಸಂಗತಿ. ಗದಗ, ರೋಣ, ನರಗುಂದದ ಎರೆಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಸಾಧಾರಣ ಬುನಾದಿಯ ಮೇಲೆ ನಿಂತ ಕಟ್ಟಡದಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಸೀಳು, ಶ್ರಾವಣದಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು, ನೆಲದಿಂದ ಬೇರ್ಪಟ್ಟ ಮೆಟ್ಟಿಲು, ಇವು ಕಂಡರೆ ಬಣ್ಣ ಬಳಿದು ಮುಚ್ಚಿಡುವ ದೋಷವಲ್ಲವೆಂದು ತಿಳಿಯಬೇಕು. ಇಂಥ ನೆಲದಲ್ಲಿ ಹೊಸದಾಗಿ ಕಟ್ಟುವವರು, ತುದಿಯಲ್ಲಿ ಗುಂಡಾಗಿ ಅಗಲಿಸಿದ ಕಾಂಕ್ರೀಟ್ ಕಂಬಗಳನ್ನು ಆಳಕ್ಕಿಳಿಸಿ ಅವುಗಳ ಮೇಲೆ ತೊಲೆ ಹಾಕುವ ಬುನಾದಿಗೆ ಆಗುವ ಹೆಚ್ಚಿನ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸಬೇಕು. ಕಟ್ಟಿದ ಕಟ್ಟಡವನ್ನೇ ಕೊಳ್ಳುವುದಾದರೆ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ನಡುವೆ ಇನ್ನೊಮ್ಮೆ ನೋಡದೆ ಮಾತು ಮುಗಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕಾಗದಪತ್ರಗಳ ವಿಷಯದಲ್ಲಿ ವಕೀಲರಿಗೆ ಕೊಡುವ ಶುಲ್ಕವನ್ನು ಉಳಿತಾಯ ಮಾಡಲು ಹೋಗಬಾರದು. ಊರ ಅಂಚಿನ ಜಮೀನಾದರೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ ಆಗಿದೆಯೇ, ಉತಾರದ (ಪಹಣಿಯ) ಒಂಬತ್ತನೆಯ ಕಾಲಮಿನಲ್ಲಿ ಯಾರ ಹೆಸರಿದೆ, ಹನ್ನೊಂದನೆಯದರಲ್ಲಿ ಬ್ಯಾಂಕಿನ ಇಲ್ಲವೇ ಸೊಸೈಟಿಯ ಬೋಜಾ (ಸಾಲದ ಹೊರೆ) ಉಳಿದಿದೆಯೇ ಎಂದು ನೋಡಬೇಕು. ಊರೊಳಗಿನದಾದರೆ ಸಿಟಿ ಸರ್ವೇ ಉತಾರವನ್ನೂ ನಗರಸಭೆಯ ಇ-ಖಾತೆಯನ್ನೂ ಜೋಡಿಸಿ ನೋಡಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಮನೆಯ ಹೆಣ್ಣುಮಕ್ಕಳ ಸಹಿ ಇಲ್ಲದೆ ಮುಂದುವರಿಯಬಾರದು, ಏಕೆಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಮಗಳೂ ಮಗನಷ್ಟೇ ಪಾಲುದಾರಳು. ಕೊಳ್ಳುವ ಹೆಸರು ಸಂಸ್ಥೆಯದೇ ಆಗಿರಬೇಕು. ಅವಸರಕ್ಕೆಂದು ಅಧ್ಯಕ್ಷರ ಸ್ವಂತ ಹೆಸರಿನಲ್ಲಿ ಖರೀದಿ ಹಾಕಿಸಿದರೆ ನಾಳೆ ಅವರ ವಾರಸುದಾರರ ಜೊತೆ ಮಾತನಾಡಬೇಕಾಗುತ್ತದೆ. ಆದ್ದರಿಂದ ಜಾಗದ ವಿವರ, ಬೆಲೆ, ಸಹಿ ಮಾಡುವವರ ಅಧಿಕಾರ ಮೂರನ್ನೂ ಸ್ಪಷ್ಟವಾಗಿ ಬರೆದ ಠರಾವು (ನಿರ್ಣಯ) ಸಂಸ್ಥೆಯಲ್ಲಿ ಮೊದಲು ಆಗಬೇಕು.

ಬೆಲೆಯ ಮೇಲಿನ ಖರ್ಚನ್ನು ದೇಣಿಗೆದಾರರಿಗೆ ಮುಚ್ಚುಮರೆಯಿಲ್ಲದೆ ತಿಳಿಸುವುದು ಒಳ್ಳೆಯದು. ಪಟ್ಟಣದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ಶೇ. 5.6 ಆಗುತ್ತದೆ, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿದೆ. 60 ಲಕ್ಷದ ಖರೀದಿಗೆ ಇವೆರಡೇ ಸೇರಿ 4,56,000 ರೂಪಾಯಿ. ಕಾಂಪೌಂಡು, ಬೋರ್‌ವೆಲ್, ಹೆಸ್ಕಾಂನ ವಿದ್ಯುತ್ ಸಂಪರ್ಕ ಇನ್ನೂ ಮುಂದಿವೆ.

ಉಚಿತವಾಗಿ ಬರುವ ಜಮೀನಿನ ಬಗ್ಗೆಯೂ ಒಂದು ಮಾತು. ದಾನಿಗಳ ಮನಸ್ಸು ದೊಡ್ಡದು, ಅವರಿಗೆ ಕೃತಜ್ಞರಾಗಿರಲೇಬೇಕು; ಆದರೆ ಆ ಜಮೀನು ಊರಿಗೆ ದೂರವಿದ್ದು, ಮುಂಡರಗಿ, ಶಿರಹಟ್ಟಿಯ ಕಡೆಯಿಂದ ಬಸ್ಸಿಳಿದು ಬರುವ ಮುದುಕಿಯೊಬ್ಬಳು ಅಲ್ಲಿಂದ ಆಟೋಕ್ಕೆ ಮತ್ತೆ ಹಣ ಕೊಡಬೇಕಾದರೆ, ಆ ಜಾಗದ ಬೆಲೆಯನ್ನು ರೋಗಿಗಳೇ ಕಂತಿನಲ್ಲಿ ತೆತ್ತಂತಾಗುತ್ತದೆ.

ಇನ್ನು ದುರಸ್ತಿ ನಿಧಿ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಆದಾಯದ ಶೇ. 85ನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕು. ಆ ಆದಾಯದಿಂದ ಕಟ್ಟಡ ಕೊಂಡರೆ ಅದು ವಿನಿಯೋಗವೆಂದೇ ಲೆಕ್ಕಕ್ಕೆ ಬರುತ್ತದೆ, ಆದರೆ ಹಾಗೆ ತೋರಿಸಿದ ಕಟ್ಟಡದ ಸವಕಳಿಯನ್ನು, ಎಂದರೆ ವರ್ಷದಿಂದ ವರ್ಷಕ್ಕೆ ಇಳಿಯುವ ಅದರ ಬೆಲೆಯನ್ನು, ಆದಾಯ ತೆರಿಗೆ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ನಂತರ ಮತ್ತೆ ವಿನಿಯೋಗವೆಂದು ತೋರಿಸುವಂತಿಲ್ಲ. ಹೀಗಾಗಿ ಸವಕಳಿಯ ಲೆಕ್ಕದಿಂದ ತಾನಾಗಿ ಹಣ ಉಳಿಯುತ್ತದೆಂದು ನಂಬಿ ಕೂರುವ ಹಾಗಿಲ್ಲ, ಉಳಿದ ಶೇ. 15ರೊಳಗಿನಿಂದಲೇ ಪ್ರತಿವರ್ಷ ಇಂತಿಷ್ಟೆಂದು ಬೇರೆ ಖಾತೆಗೆ ಹಾಕಬೇಕು, ದೊಡ್ಡ ಕೆಲಸವಿದ್ದರೆ ಐದು ವರ್ಷಗಳವರೆಗೆ ಕೂಡಿಡಲು ಅವಕಾಶವಿರುವ ನಮೂನೆಯನ್ನು ಸಕಾಲದಲ್ಲಿ ಸಲ್ಲಿಸಬೇಕು. ಗೋಡೆಯ ಮೇಲೆ ಹೆಸರು ಬರೆಯುವುದಾದರೆ ಹೊಸ ವಾರ್ಡಿಗೆ ಹಣ ಕೊಡುವವರು ಸಿಗುತ್ತಾರೆ, ಸೋರುವ ಮಾಳಿಗೆಗೆ ಸಿಗುವುದು ಕಷ್ಟ. ಅದಕ್ಕೇ ನಮ್ಮಲ್ಲಿ ಕಟ್ಟಡದ ಹೆಸರಿನಲ್ಲಿ ಬರುವ ಪ್ರತಿ ದೇಣಿಗೆಯ ಒಂದು ಭಾಗ ದುರಸ್ತಿಗೆ ಸಲ್ಲುತ್ತದೆಂದು ಮನವಿಪತ್ರದಲ್ಲಿಯೇ ಅಚ್ಚು ಹಾಕಿಸುತ್ತೇವೆ, ರಸೀದಿಯಲ್ಲಿಯೂ ಅದನ್ನು ಪ್ರತ್ಯೇಕವಾಗಿ ಬರೆದು ಕೊಡುತ್ತೇವೆ.